ಎಮ್ಮೆಗೆ ಹಾಕಿದ ಚುಕ್ಕೆಗಳು

"ಹರದ ಹೋತಲ್ರೀ ಮಾಮಾ!"

ಗ್ಯಾನಮ್ಮನ ಕಣ್ಣು ತುಂಬಿ ಬಂದವು. ಬೋರ್ಡು ಬರೆಯುವ ಹುಸೇನಬಾಷಾ ಕೈಯಲ್ಲಿದ್ದ ಹಾಳೆಯನ್ನು ಬೆಳಕಿಗೆ ಹಿಡಿದ. ಎಮ್ಮೆಯ ಹೊಟ್ಟೆಯಿದ್ದ ಕಡೆ ದೊಡ್ಡ ತೂತು!

"ನಾ ತಗಡಿನ ಮ್ಯಾಲೆ ಬರಿಯಾಂವ. ಈ ಮೇಣದ ಕಾಗದ ನನ್ನ ಕೈಗೆ ತಡಿಯಂಗಿಲ್ಲವ್ವ," ಎಂದು ಅವನು ಅವಳ ಐದು ರೂಪಾಯಿ ವಾಪಸು ಕೊಟ್ಟ. "ಲಿಂಗಸುಗೂರಾಗ ಒಬ್ಬ ಆರ್ಟಿಸ್ಟ್ ಅದಾನ. ಆದ್ರ ಐವತ್ತು ಕೇಳ್ತಾನ. ಐದಕ್ಕ ಎಮ್ಮಿ ಬಾಲ ಅಷ್ಟ ಬರೀತಾನ ನೋಡು!"

ಗ್ಯಾನಮ್ಮನಿಗೆ ನಗು ಬರಲಿಲ್ಲ.

ಅವಳು 'ಕಾಲುವೆ ದಾಟಿದ ಎಮ್ಮೆ' ಎಂಬ ಕತೆ ಬರೆದಿದ್ದಳು. ಮಸ್ಕಿಯ ಅವಳ ಶಾಲೆಯಲ್ಲಿ ಪ್ರಶ್ನೆಪತ್ರಿಕೆ ಅಚ್ಚು ಹಾಕುವ ಯಂತ್ರವಿತ್ತು. ಸ್ಟೆನ್ಸಿಲ್ ಎಂಬ ಮೇಣದ ಹಾಳೆಯ ಮೇಲೆ ಚೂಪಾದ ಪೆನ್ನಿನಿಂದ ಮೇಣವನ್ನಷ್ಟೇ ಕೆರೆದು ಬರೆದರೆ, ಯಂತ್ರ ನಲವತ್ತು ಪ್ರತಿ ತೆಗೆದುಕೊಡುತ್ತಿತ್ತು. ಒತ್ತಿ ಬರೆದರೆ ಹಾಳೆ ಹರಿಯುತ್ತಿತ್ತು.

ವಿರೂಪಾಕ್ಷಪ್ಪ ಮಾಸ್ತರು ಇನ್ನೊಂದು ಸ್ಟೆನ್ಸಿಲ್ ಕೊಟ್ಟರು. "ಇದ ಕಡೀದವ್ವ. ಇದೂ ಹರದ್ರ ನಿನ್ನ ಪುಸ್ತಕಕ್ಕ ಚಿತ್ರ ಇಲ್ಲ. ಶನಿವಾರ ಅಚ್ಚು ಹಾಕೋದು."

ಹಾಳೆಯನ್ನು ಹಸುಗೂಸಿನಂತೆ ಹಿಡಿದುಕೊಂಡು ಮನೆಗೆ ಬಂದರೆ, ಅಂಗಳದಲ್ಲಿ ಅಕ್ಕ ಗದ್ದೆಮ್ಮ ಅಳುತ್ತಿದ್ದಳು. ಮುಂದಿನ ತಿಂಗಳು ಅವಳ ಮದುವೆ. ಹಚ್ಚೆ ಹಾಕುವ ಪೀರಮ್ಮ ಅವಳ ಕೈ ಹಿಡಿದು ಸೂಜಿ ಚುಚ್ಚುತ್ತಿದ್ದಳು.

"ಅಳಬ್ಯಾಡ ನನ್ನವ್ವ, ಮುಗೀತು, ಮುಗೀತು..."

ಗ್ಯಾನಮ್ಮ ನೋಡುತ್ತ ನಿಂತಳು. ಸೂಜಿ ಚರ್ಮಕ್ಕೆ ತಾಕುತ್ತಿತ್ತು, ಏಳುತ್ತಿತ್ತು. ಎಷ್ಟು ಬೇಕೋ ಅಷ್ಟೇ ಆಳ. ಅದಕ್ಕಿಂತ ಒಂದು ಕೂದಲೆಳೆಯೂ ಹೆಚ್ಚಿಲ್ಲ.

"ಆಯಿ, ಕಾಗದಕ್ಕ ಹಚ್ಚಿ ಹಾಕ್ತೀಯೇನು?"

"ಯಾಕ, ಕಾಗದಕ್ಕೂ ಲಗ್ನ ಗೊತ್ತಾಗೇತೇನು?" ಎಂದಳು ಪೀರಮ್ಮ. ಅಳುತ್ತಿದ್ದ ಗದ್ದೆಮ್ಮನೂ ನಕ್ಕುಬಿಟ್ಟಳು.

ಗ್ಯಾನಮ್ಮ ಎಲ್ಲ ಹೇಳಿದಳು. ಅಜ್ಜಿ ಮುದುಕಮ್ಮ ಒಳಗಿನಿಂದಲೇ ಕೂಗಿದಳು: "ಹುಡುಗಿ ಹಚ್ಚಿಗೆ ಒಂದು ಮೊರ ಜೋಳ ಕೊಡೋದೈತಿ. ಎಮ್ಮಿಗೂ ಒಂದು ಮೊರ ಕೊಡ್ತೀನಿ, ಹಾಕ ಪೀರಿ!"

"ಅಚ್ಚಾಗಿ ಬರಲಿ, ಆಮ್ಯಾಲ ಕೊಡು. ತೊಟ್ಲಾ, ಚೇಳು, ಗಿಳಿ ಹಾಕೀನಿ. ಎಮ್ಮಿ ಯಾರೂ ಕೇಳಿಲ್ಲ ನನಗ."

ಪೀರಮ್ಮ ಕೊಟ್ಟಿಗೆಗೆ ಹೋಗಿ ಎಮ್ಮೆಯನ್ನು ಬಹಳ ಹೊತ್ತು ನೋಡಿದಳು. ಆಮೇಲೆ ಗ್ಯಾನಮ್ಮ ಬರೆಯುವ ಪಾಟಿಯ ಮೇಲೆ ಸ್ಟೆನ್ಸಿಲ್ ಇಟ್ಟು ಸೂಜಿಯಿಂದ ಚುಕ್ಕೆ ಹಾಕತೊಡಗಿದಳು. ಕೊಂಬು ಬಂತು. ಬೆನ್ನು ಬಂತು. ಹೊಟ್ಟೆಯೂ ಬಂತು, ಹಾಳೆ ಹರಿಯಲಿಲ್ಲ!

"ಅಳಬ್ಯಾಡ ನನ್ನವ್ವ, ಮುಗೀತು," ಎಂದಳು ಪೀರಮ್ಮ ಹಾಳೆಗೆ. ರೂಢಿ, ಬಾಯಿ ಸುಮ್ಮನಿರಲಿಲ್ಲ.

ಎಮ್ಮೆಯ ಕೆಳಗೆ ಗ್ಯಾನಮ್ಮ ತನ್ನ ಹೆಸರು ಬರೆದಳು. ಪೀರಮ್ಮ ಬಗ್ಗಿ ನೋಡಿದಳು. "ಇದು ಏನು?"

"ನನ್ನ ಹೆಸರು. ಕತಿ ನಂದಲ್ಲ?"

"ಹೌದೌದು. ಎಷ್ಟು ಮಂದಿ ಕೈ ಮ್ಯಾಲೆ ಎಷ್ಟು ಹೆಸರು ಹಾಕೀನಿ..." ಪೀರಮ್ಮನ ಬೆರಳು ಆ ಅಕ್ಷರಗಳ ಹತ್ತಿರವೇ ನಿಂತಿತ್ತು.

ಗ್ಯಾನಮ್ಮ ಅದನ್ನು ನೋಡಿದಳು. ಮತ್ತೆ ಪೆನ್ನು ತೆಗೆದುಕೊಂಡಳು. ಹಾಳೆ ಹರಿಯದಂತೆ ಪೀರಮ್ಮ ಅವಳ ಮಣಿಕಟ್ಟು ಹಿಡಿದಳು. ಇಬ್ಬರೂ ಸೇರಿ ಮೆಲ್ಲಗೆ ಬರೆದರು: 'ಚಿತ್ರ: ಪೀರಮ್ಮ.'

ಶನಿವಾರ ನಲವತ್ತು ಪುಸ್ತಕ ಬಂದವು. ನಲವತ್ತು ಎಮ್ಮೆಗಳು, ಚುಕ್ಕೆ ಚುಕ್ಕೆಯಾಗಿ, ನೀರಿನಿಂದ ಆಗಷ್ಟೇ ಎದ್ದು ಬಂದಂತೆ.

ಅಂದೇ ಬಂದ ಪೀರಮ್ಮನಿಗೆ ಅಜ್ಜಿ ಮೊರ ತುಂಬ ಜೋಳ ಕೊಟ್ಟಳು. ಗ್ಯಾನಮ್ಮ ಅದರ ಮೇಲೆ ಒಂದು ಪುಸ್ತಕ ಇಟ್ಟು, ಬಸ್‌ಸ್ಟ್ಯಾಂಡಿನವರೆಗೂ ಜೊತೆಗೆ ಹೊರಟಳು. ಬಸ್‌ಸ್ಟ್ಯಾಂಡಿಗೆ ಹತ್ತಿರದ ದಾರಿ ಬೇರೆಯಿತ್ತು. ಪೀರಮ್ಮ ಮಾತ್ರ ಹುಸೇನಬಾಷಾನ ಅಂಗಡಿ ಇರುವ ಕಡೆ ತಿರುಗಿದಳು. ಅಂಗಡಿ ಬಂತು. ಅವಳು ನಡಿಗೆ ನಿಧಾನಿಸಿ, ಪುಸ್ತಕ ಕಾಣುವಂತೆ ಸೊಂಟದ ಮೇಲಿನ ಮೊರವನ್ನು ಆ ಕಡೆಗೆ ಒಂದಿಷ್ಟು ವಾಲಿಸಿದಳು.

ಗ್ಯಾನಮ್ಮ ತಾನೂ ನಿಧಾನ ನಡೆದಳು.