ಏಳು ನಿಮಿಷ ಮುಂದೆ

ಬುಧವಾರ ಬೆಳಿಗ್ಗೆ ಒಂಬತ್ತು ಗಂಟೆ ಹತ್ತು ನಿಮಿಷಕ್ಕೆ ಠಾಣೆಯ ಮೆಟ್ಟಿಲು ಹತ್ತಿ ಬಂದ ಸಲೂನಿನವನು ಏದುಸಿರು ಬಿಡುತ್ತಲೇ ತನ್ನ ದೂರು ಹೇಳಿದ.

"ಸಾರ್, ನನ್ನ ವಾಚುಗಳೆಲ್ಲ ಓಡ್ತಿದಾವೆ."

ಇನ್ಸ್‌ಪೆಕ್ಟರು ಟೀ ಲೋಟ ಮೇಜಿನ ಮೇಲಿಟ್ಟರು. "ವಾಚ್ ನಿಂತೋಯ್ತು ಅಂತ ಕೂಡ ಇಲ್ಲಿಗೆ ಯಾರೂ ಬರಲ್ಲ. ನೀನು ಓಡ್ತಿದೆ ಅಂತ ಬಂದಿದೀಯ."

"ಓಡಬಾರ್ದು ಸಾರ್. ನಾನು ಒಂದಕ್ಕೂ ಕೀಲಿ ಕೊಟ್ಟಿರ್ಲಿಲ್ಲ. ಅದೂ ಅಲ್ದೆ, ಒಂದು ಕಾಣ್ತಿಲ್ಲ."

"ಅದನ್ನ ಮೊದ್ಲು ಹೇಳೋಕೇನಪ್ಪ ನಿಂಗೆ?"

ಮೂಲೆಯ ಮೇಜಿನಲ್ಲಿದ್ದ ಮಹಿಳಾ ಕಾನ್‌ಸ್ಟೆಬಲ್ ಪೆನ್ನಿನ ಮುಚ್ಚಳ ತೆಗೆದಳು. ಅವಳು ಈ ಠಾಣೆಗೆ ಬಂದು ಎಂಟು ತಿಂಗಳಾಗಿತ್ತು. ಮಾತು ಕಡಿಮೆ, ಅಕ್ಷರ ಮಾತ್ರ ಮುತ್ತು ಪೋಣಿಸಿದ ಹಾಗೆ. ಆದ್ದರಿಂದ ಠಾಣೆಯ ಬರವಣಿಗೆಯೆಲ್ಲ ಅವಳ ಕೊರಳಿಗೇ ಬಿದ್ದಿತ್ತು.

ಸಲೂನಿನವನ ಹೇಳಿಕೆ ಹೀಗಿತ್ತು. ಅವನ ಬಳಿ ಇಪ್ಪತ್ತೇಳು ಹಳೆಯ ಕೈಗಡಿಯಾರಗಳಿವೆ. ಒಂದೂ ದುಬಾರಿಯದಲ್ಲ. ಹರಾಜಿನಲ್ಲಿ, ಗುಜರಿಯಲ್ಲಿ, ಸತ್ತವರ ಮನೆಯ ಹಳೇ ಸಾಮಾನಿನ ರಾಶಿಯಲ್ಲಿ ಹುಡುಕಿ ತಂದವು. ಒಂದು ತಿಂಗಳು ಹೊರಗಿನ ಟೀ ಬಿಟ್ಟರೆ ಒಂದು ವಾಚು ಕೊಳ್ಳಬಹುದು. ಅಂಗಡಿಯ ಕನ್ನಡಿಯ ಪಕ್ಕದ ಗಾಜಿನ ಕಪಾಟಿನಲ್ಲಿ ಅವನ್ನು ಮೊಳೆಗೊಂದರಂತೆ ನೇತುಹಾಕಿದ್ದಾನೆ. ದಿನಕ್ಕೊಂದನ್ನು ಕೀಲಿ ಕೊಟ್ಟು ಕಟ್ಟಿಕೊಳ್ಳುತ್ತಾನೆ. ಉಳಿದವು ನಿಂತಿರುತ್ತವೆ, ಒಂದೊಂದು ಒಂದೊಂದು ಹೊತ್ತಿಗೆ. ಶನಿವಾರ ಸಂಜೆ ಬೇರೆ ವಾಚು ಕಟ್ಟಿಕೊಂಡು ತಂಗಿಯ ಬಾಣಂತನ ನೋಡಲು ಹೋದವನು ಇಂದು ಬೆಳಿಗ್ಗೆ ಎಂಟೂವರೆಗೆ ಬಂದು ಬೀಗ ತೆಗೆದರೆ, ಕಪಾಟಿನೊಳಗಿಂದ ಟಿಕ್ ಟಿಕ್ ಸದ್ದು. ಇಪ್ಪತ್ತೈದೂ ಓಡುತ್ತಿವೆ. ಅವನ ಕೈಯಲ್ಲಿದ್ದುದರ ಮೊಳೆ ಬಿಟ್ಟು ಇನ್ನೂ ಒಂದು ಮೊಳೆ ಖಾಲಿ.

"ಹೋಗಿದ್ದು ಯಾವುದು?"

"ಬಿಳಿ ಡಯಲ್ಲು, ಸ್ಟೀಲಿಂದು. ಗಾಜಿನ ಮೇಲೆ ನಾಲ್ಕರ ಹತ್ರ ಕೂದಲೆಳೆಯಷ್ಟು ಗೆರೆ. ನನ್ನ ಶನಿವಾರದ ವಾಚು ಸಾರ್."

"ಶನಿವಾರಕ್ಕೇ ಬೇರೆ ವಾಚಾ?"

"ಶನಿವಾರ ಗಿರಾಕಿ ಜಾಸ್ತಿ. ಅದರ ಮುಳ್ಳು ದಪ್ಪ, ಕತ್ತರಿ ಆಡಿಸ್ತಾನೇ ಕಾಣುತ್ತೆ." ಸ್ವಲ್ಪ ತಡೆದು ಹೇಳಿದ: "ಅದು ಕೈಯಲ್ಲಿದ್ರೆ ಯಾಕೋ ಯಾರಿಗೂ ಗಾಯ ಆಗಲ್ಲ ಸಾರ್. ಮೂರು ವರ್ಷದಿಂದ ನೋಡಿದೀನಿ."

ಇನ್ಸ್‌ಪೆಕ್ಟರು ನಗಲಿಲ್ಲ. "ಬೀಗ ಒಡೆದಿದೆಯಾ?"

"ಇಲ್ಲ. ಬೀಗದ ಕೈ ಶಟರಿನ ಮೇಲಿನ ಸಂದಿನಲ್ಲೇ ಇಟ್ಟಿರ್ತೀನಿ."

"ಯಾರ್ಯಾರಿಗೆ ಗೊತ್ತು?"

"ಬೀದಿಗೆಲ್ಲ ಗೊತ್ತು ಸಾರ್."

"ಭೇಷ್. ಬೀಗ ಯಾಕಪ್ಪ ಹಾಕ್ತೀಯ ಮತ್ತೆ, ಗಾಳಿಗಾ?"

ಎಫ್‌ಐಆರ್ ದಾಖಲಾಯಿತು. ಹತ್ತೂವರೆಗೆ ಸ್ಥಳ ಪಂಚನಾಮೆ ಶುರುವಾಯಿತು. ಎದುರಿನ ಬೇಕರಿಯವಳು ಮತ್ತು ಪಕ್ಕದ ದರ್ಜಿ ಪಂಚರು. ವಾಚುಗಳ ಬಗ್ಗೆ ತಿಳಿದವರೊಬ್ಬರು ಬೇಕಲ್ಲ ಎಂದು ಬೀದಿಯ ಕೊನೆಯಲ್ಲಿದ್ದ ವಾಚ್ ರಿಪೇರಿಯ ಮುದುಕನನ್ನು ಕರೆಸಿದರು. ಎಲ್ಲರೂ ಅವನನ್ನು ಭೂತಗನ್ನಡಿ ತಾತ ಎನ್ನುತ್ತಿದ್ದರು. ಹಣೆಗೆ ಏರಿಸಿಕೊಂಡ ಆ ಗಾಜನ್ನು ಅವನು ಊಟದ ಹೊತ್ತಿಗೂ ತೆಗೆಯುತ್ತಿರಲಿಲ್ಲ. ಸಲೂನಿನವನ ಇಪ್ಪತ್ತೇಳು ವಾಚಿಗೂ ಅವನೇ ವೈದ್ಯ.

ತಾತ ಹೊಸ್ತಿಲಲ್ಲಿ ಚಪ್ಪಲಿ ಬಿಟ್ಟು ಒಳಗೆ ಬಂದ. ಕಾನ್‌ಸ್ಟೆಬಲ್ ಮೊಬೈಲಿನಲ್ಲಿ ಹೊತ್ತು ನೋಡಿ ಬರೆದುಕೊಂಡಳು: 10.30. ತಲೆಯೆತ್ತಿ ಕಪಾಟು ನೋಡಿದರೆ ಇಪ್ಪತ್ತೈದು ವಾಚುಗಳೂ ಒಗ್ಗಟ್ಟಾಗಿ ಬೇರೆ ಮಾತು ಹೇಳುತ್ತಿದ್ದವು: ಹತ್ತು ಮೂವತ್ತೇಳು.

"ಟೈಮ್ ಸರಿ ಇದೆಯಾ ತಾತ ಇವು?" ಇನ್ಸ್‌ಪೆಕ್ಟರು ಕೇಳಿದರು.

ತಾತ ತನ್ನ ಮಣಿಕಟ್ಟು ನೋಡಿಕೊಂಡ. "ಸರಿಯಾಗೇ ಇದಾವಲ್ಲ. ಒಂದು ನಿಮಿಷ ಆಕಡೆ ಈಕಡೆ ಇಲ್ಲ."

ಅವಳು ಅದನ್ನೂ ಬರೆದಳು. ಹೇಳಿದ್ದನ್ನು ಹೇಳಿದ ಹಾಗೆ ಬರೆಯಬೇಕೆಂದು ಅವಳಿಗೆ ಕಲಿಸಿದ್ದರು.

"ಪೂರ್ತಿ ಕೀಲಿ ಕೊಟ್ರೆ ಎಷ್ಟು ಹೊತ್ತು ಓಡುತ್ತೆ?"

"ಮೂವತ್ತು ಗಂಟೆ. ಗಟ್ಟಿ ಇರೋದು ಮೂವತ್ತಾರು. ಆ ಕಂದು ಡಯಲ್ಲಿಂದು ಮುದುಕ, ನನ್ನ ಹಾಗೆ. ಇಪ್ಪತ್ತೆಂಟು ಗಂಟೆ ದಾಟಲ್ಲ."

ಪಂಚರು ಒಂದೊಂದೇ ವಾಚಿನ ಗುರುತು ಹೇಳಿ ಬರೆಸುತ್ತಿದ್ದರು. ಹನ್ನೊಂದನೆಯದಕ್ಕೆ ಬರುವಷ್ಟರಲ್ಲಿ ಕಂದು ಡಯಲ್ಲಿನ ಸೆಕೆಂಡಿನ ಮುಳ್ಳು ಎರಡು ಸಲ ತಡವರಿಸಿ, ಎಲ್ಲರ ಕಣ್ಣೆದುರೇ ನಿಂತುಹೋಯಿತು. ಮೊಬೈಲಿನಲ್ಲಿ ಹತ್ತು ನಲವತ್ತು. ಇನ್ಸ್‌ಪೆಕ್ಟರು ಬೆರಳು ಮಡಿಸಿ ಲೆಕ್ಕ ಹಾಕಿದರು. ಇಪ್ಪತ್ತೆಂಟು ಗಂಟೆ ಹಿಂದಕ್ಕೆ ಹೋದರೆ, ಮಂಗಳವಾರ ಬೆಳಿಗ್ಗೆ ಆರು ನಲವತ್ತು.

"ತಾತ, ಕಳ್ಳನ ಟೈಮನ್ನೇ ಹಿಡ್ಕೊಟ್ಬಿಟ್ರಲ್ಲ!"

ತಾತ ಮಾತ್ರ ನಿಂತ ವಾಚನ್ನು ನೋಡುತ್ತಿದ್ದ. ಕೀಲಿ ಕೊಡಲು ಕೈ ಮುಂದೆ ಹೋಗಿತ್ತು. ಪಂಚನಾಮೆ ನಡೆಯುತ್ತಿದೆ ಎಂದು ನೆನಪಾಗಿ ಹಿಂದಕ್ಕೆಳೆದುಕೊಂಡ.

"ಆರು ನಲವತ್ತಾ?" ಬೇಕರಿಯವಳು ಬಾಯಿ ಮೇಲೆ ಕೈಯಿಟ್ಟಳು. "ಮಂಗಳವಾರ ನಾನು ಬಾಗಿಲು ತೆಗೀವಾಗ ಇಲ್ಲಿ ಶಟರ್ ಮೊಣಕಾಲೆತ್ತರ ಎತ್ತಿತ್ತು ಸಾರ್. ಒಳಗೆ ಲೈಟಿತ್ತು. ಇವನೇ ಬಂದನೇನೋ ಅಂದ್ಕೊಂಡೆ. ಹೊರಗಡೆ ಚಪ್ಪಲಿ ಬೇರೆ ಜೋಡಿಸಿ ಬಿಟ್ಟಿತ್ತು."

"ಕಳ್ಳ ಚಪ್ಪಲಿ ಬಿಟ್ಟು ಒಳಗೆ ಹೋಗಿದ್ನಾ? ಬೀಗರ ಮನೆಗೆ ಬಂದ ಹಾಗೆ?"

ಎಲ್ಲರೂ ನಕ್ಕರು. ಕಾನ್‌ಸ್ಟೆಬಲ್ ಹೊಸ್ತಿಲ ಕಡೆ ಕಣ್ಣು ಹಾಯಿಸಿದಳು. ಅಲ್ಲಿ ಒಂದೇ ಒಂದು ಜೊತೆ ಚಪ್ಪಲಿಯಿತ್ತು, ಹಿಮ್ಮಡಿಗೆ ಹಿಮ್ಮಡಿ ಕೂಡಿಸಿ ಬಿಟ್ಟದ್ದು.

ಸಂಜೆ ಪಂಚನಾಮೆಯನ್ನು ಶುದ್ಧಪ್ರತಿ ಮಾಡುವಾಗ ಅವಳ ಪೆನ್ನು ಅರ್ಧದಲ್ಲಿ ನಿಂತಿತು. ಮೇಲೆ ಅವಳೇ ಬರೆದದ್ದು: ಆರಂಭದ ಸಮಯ 10.30, ವಾಚುಗಳು ತೋರಿಸುತ್ತಿದ್ದದ್ದು 10.37. ಕೆಳಗೂ ಅವಳೇ ಬರೆದದ್ದು: ವಾಚುಗಳು ಸರಿಯಾದ ಸಮಯ ತೋರಿಸುತ್ತಿವೆ ಎಂದು ತಿಳಿದವರ ಹೇಳಿಕೆ. ಎರಡರಲ್ಲಿ ಒಂದು ಸುಳ್ಳಾಗಬೇಕು. ಮೊದಲು ಅವಳು ತನ್ನನ್ನೇ ಅನುಮಾನಿಸಿದಳು. ಠಾಣೆಯ ಗೋಡೆ ಗಡಿಯಾರಕ್ಕೆ ಮೊಬೈಲನ್ನು ಹಿಡಿದು ನೋಡಿದಳು. ಎರಡೂ ಒಂದೇ ಹೇಳುತ್ತಿದ್ದವು. ನಲವತ್ತು ವರ್ಷ ವಾಚು ರಿಪೇರಿ ಮಾಡಿದವನ ಕೈಯಲ್ಲಿರುವ ವಾಚು ಏಳು ನಿಮಿಷ ಮುಂದೆ ಹೇಗಿರುತ್ತದೆ?

ಗುರುವಾರ ಬೆಳಿಗ್ಗೆ ಏಳೂಮುಕ್ಕಾಲಿಗೆ ಅವಳು ಬೇಕರಿಯ ಮುಂದೆ ಟೀ ಹಿಡಿದು ನಿಂತಳು. ಬೀದಿಯ ಕೊನೆಯಲ್ಲಿ ತಾತ ಆಗಲೇ ಅಂಗಡಿ ತೆರೆದಿದ್ದ. ಬಾಗಿಲ ಮೇಲೆ ಕೈಬರಹದ ಬೋರ್ಡು: 'ರಿಪೇರಿಗೆ ಕೊಟ್ಟ ವಾಚುಗಳನ್ನು ವಾರಸುದಾರರು ಬರುವ ತನಕ ಕಾಯಲಾಗುವುದು.' ಬೇರೆ ರಿಪೇರಿ ಅಂಗಡಿಗಳಲ್ಲಿ ಮೂವತ್ತು ದಿನ ಎಂದಿರುತ್ತದೆ.

ನೂಲಿನ ಗಿರಣಿಯ ಸೈರನ್ ಕೂಗಿತು. ತಾತ ಸ್ಟೂಲು ಹತ್ತಿ, ಗೋಡೆ ಗಡಿಯಾರದ ಗಾಜು ತೆರೆದು, ದೊಡ್ಡ ಮುಳ್ಳನ್ನು ಒಂದು ಬೆರಳಿಂದ ಹನ್ನೆರಡಕ್ಕೆ ತಂದ. ಆಮೇಲೆ ಕೈಯ ವಾಚನ್ನು ಅದಕ್ಕೆ ಹೋಲಿಸಿ ತೃಪ್ತಿಯಿಂದ ತಲೆಯಾಡಿಸಿದ. ಎಂಟು ಗಂಟೆ.

ಅವಳ ಮೊಬೈಲಿನಲ್ಲಿ ಏಳು ಐವತ್ತಮೂರು.

ಅವಳು ಗಿರಣಿಯ ಗೇಟಿನವರೆಗೆ ನಡೆದುಹೋಗಿ ಕಾವಲುಗಾರನನ್ನು ಕೇಳಿದಳು. "ಹೋದ ತಿಂಗಳಿಂದ ಏಳು ನಿಮಿಷ ಮುಂಚೆ ಹೊಡೀತೀವಿ ಮೇಡಂ. ಎಂಟಕ್ಕೆ ಹೊಡೆದ್ರೆ ಎಲ್ರೂ ಹೆಬ್ಬೆಟ್ಟು ಒತ್ತೋ ಮಿಷಿನ್ ಮುಂದೆ ಸಾಲು ನಿಂತು ಲೇಟ್ ಆಗ್ತಿದ್ರು," ಎಂದ. "ಈಗೆಲ್ಲ ಮೊಬೈಲು. ಸೈರನ್ ಕೇಳಿ ಗಡಿಯಾರ ತಿರುಗಿಸೋರು ಯಾರಿದಾರೆ?"

ಒಬ್ಬನಿದ್ದ.

ಠಾಣೆಗೆ ಬಂದು ಇನ್ಸ್‌ಪೆಕ್ಟರಿಗೆ ಸೈರನ್ನಿನಿಂದ ತಾತನ ವಾಚಿಗೂ ಅಲ್ಲಿಂದ ಇಪ್ಪತ್ತೈದು ವಾಚಿಗೂ ಆ ಏಳು ನಿಮಿಷ ಹೇಗೆ ಹೋಯಿತೆಂದು ಬಿಡಿಸಿ ಹೇಳಿದಳು. ಅವರು ಪೂರ್ತಿ ಕೇಳಿಸಿಕೊಂಡು, "ಎಂಟು ತಿಂಗಳಲ್ಲಿ ನೀನು ಇಷ್ಟು ಮಾತಾಡಿದ್ದು ಇದೇ ಮೊದಲು ಕಣಮ್ಮ," ಎಂದರು. "ಬಾ, ಹೋಗೋಣ."

ಅವರು ಒಳಗೆ ಕಾಲಿಟ್ಟಾಗ ತಾತ ಭೂತಗನ್ನಡಿಯನ್ನು ಹಣೆಗೇರಿಸಿದ.

"ಮಂಗಳವಾರ ಬೆಳಿಗ್ಗೆ ಎಲ್ಲಿದ್ರಿ?"

"ಸಲೂನಿನಲ್ಲಿ."

ಇಷ್ಟು ಬೇಗ ಉತ್ತರ ಬರುತ್ತದೆಂದು ಇನ್ಸ್‌ಪೆಕ್ಟರು ಎಣಿಸಿರಲಿಲ್ಲ. "ನಿನ್ನೆ ಯಾಕೆ ಹೇಳಲಿಲ್ಲ?"

"ನೀವು ವಾಚಿನ ವಿಷಯ ಕೇಳಿದ್ರಿ, ಹೇಳಿದೆ. ನನ್ನ ವಿಷಯ ಕೇಳಲಿಲ್ಲ."

"ವಾಚು ಎಲ್ಲಿ?"

ತಾತ ಡ್ರಾಯರು ಎಳೆದು ಒಂದು ಕಂದು ಚೀಟಿ ತೆಗೆದು ಮೇಜಿನ ಮೇಲಿಟ್ಟ. ಅರ್ಧಕ್ಕೆ ಹರಿದ ಚೀಟಿ. ಮಡಿಕೆಯಲ್ಲಿ ಬಟ್ಟೆಯಂತೆ ಮೆತ್ತಗಾಗಿತ್ತು. 'ಬಿಳಿ ಡಯಲ್, ಸ್ಟೀಲ್, ನಾಲ್ಕರ ಬಳಿ ಗೆರೆ.' ತಾರೀಕು ಹನ್ನೊಂದು ವರ್ಷ ಹಿಂದಿನದು.

"ಸೋಮವಾರ ಸಂಜೆ ಒಬ್ಬ ಹೆಣ್ಣುಮಗಳು ಈ ಚೀಟಿ ಹಿಡ್ಕೊಂಡು ಬಂದ್ಲು. ಅವಳಪ್ಪ ಲಾರಿ ಓಡಿಸ್ತಿದ್ದ. ವಾಚು ರಿಪೇರಿಗೆ ಕೊಟ್ಟ ವಾರವೇ ತೀರ್ಕೊಂಡ. ಇವಳಿಗಾಗ ಹದಿನಾರು. ವಾಚ್ ತಗೊಂಡು ಹೋದ್ರೆ ಅಪ್ಪ ಇಲ್ಲ ಅನ್ನೋದು ಖಾಯಂ ಆಗಿಬಿಡುತ್ತೆ ಅಂತ ಬರಲೇ ಇಲ್ವಂತೆ. ಆಮೇಲೆ ಹೊಟ್ಟೆಪಾಡಿಗೆ ದೂರ ಹೋದ್ಲು. 'ನಿಮ್ಮ ಬೋರ್ಡ್ ನೆನಪಿತ್ತು ತಾತ, ಅದಕ್ಕೇ ನಿಶ್ಚಿಂತೆಯಾಗಿದ್ದೆ' ಅಂದ್ಲು."

ತಾತ ಡ್ರಾಯರನ್ನು ಮೆಲ್ಲಗೆ ಒಳಗೆ ತಳ್ಳಿದ.

"ನಲವತ್ತು ವರ್ಷದಲ್ಲಿ ಒಂದೇ ಒಂದು ವಾಚು ಮಾರಿದೀನಿ ಸಾರ್, ಅದೇ ಅದು. ಆ ಸಲೂನಿನವನು ಮೂರು ತಿಂಗಳು ಬೆನ್ನು ಬಿದ್ದ. 'ಡ್ರಾಯರಲ್ಲಿ ಕೊಳೆಯೋ ಬದಲು ಒಂದು ಕೈ ಮೇಲೆ ಬದುಕಲಿ ತಾತ' ಅಂದ. ಎಂಟು ವರ್ಷ ಯಾರೂ ಬಂದಿರ್ಲಿಲ್ಲ. ನನ್ನ ಬೋರ್ಡಿನ ಕೆಳಗೇ ಕೂತು ಕೊಟ್ಬಿಟ್ಟೆ."

"ಅವಳಿಗೆ ಏನು ಹೇಳಿದ್ರಿ?"

"'ರೆಡಿ ಇದೆ ಮಗಳೇ, ನಾಳೆ ಸಂಜೆ ಬಾ' ಅಂದೆ. ಬಾಯಿಂದ ಬಂದ್ಬಿಡ್ತು. ಮಂಗಳವಾರ ರಾತ್ರಿ ಅವಳ ಬಸ್ಸು."

"ಸಲೂನಿನವನಿಗೆ ಒಂದು ಫೋನ್ ಮಾಡೋಕಾಗ್ತಿರ್ಲಿಲ್ವಾ?"

ತಾತ ಚೀಟಿಯನ್ನು ಹಳೆಯ ಮಡಿಕೆಗೇ ಮತ್ತೆ ಮಡಿಸಿದ.

"ಸರಿ, ಒಂದು ತಗೊಂಡ್ರಿ. ಉಳಿದ ಇಪ್ಪತ್ತೈದಕ್ಕೂ ಯಾಕೆ ಕೀಲಿ ಕೊಟ್ರಿ? ಸುಮ್ಮನೆ ಬಂದಿದ್ರೆ ನಾವು ಕತ್ತಲಲ್ಲಿ ತಡಕಾಡ್ತಿದ್ವಿ."

"ಎಲ್ಲ ನನ್ನ ಕೈಯಲ್ಲೇ ರಿಪೇರಿ ಆದವು. ನಿಂತಿದ್ವು." ಇದಕ್ಕಿಂತ ಬೇರೆ ಕಾರಣ ಬೇಕೇ ಎಂಬಂತೆ ಅವರನ್ನು ನೋಡಿದ. "ಕದಿಯೋಕೆ ಬಂದಿದೀನಿ, ಒಂದಿಷ್ಟು ಕೆಲಸವಾದ್ರೂ ಮಾಡಿ ಹೋಗೋಣ ಅನ್ನಿಸ್ತು."

ಠಾಣೆಯಲ್ಲಿ ತಾತನ ಹೇಳಿಕೆ ಬರೆದು ಮುಗಿಯುವಷ್ಟರಲ್ಲಿ ಸಲೂನಿನವನು ಬಂದ. ಸುದ್ದಿ ಬೀದಿಯಲ್ಲಿ ಕಾಲಿಗಿಂತ ಬೇಗ ನಡೆದಿತ್ತು. ಒಂದು ಕೆನ್ನೆಗೆ ಸೋಪು ಹಚ್ಚಿಸಿಕೊಂಡ ಗಿರಾಕಿಯನ್ನು ಕುರ್ಚಿಯಲ್ಲೇ ಬಿಟ್ಟು ಬಂದಿದ್ದ. ಇನ್ಸ್‌ಪೆಕ್ಟರು ಕಂದು ಚೀಟಿಯನ್ನು ಅವನ ಮುಂದೆ ತಳ್ಳಿದರು. ಅವನು ಎರಡು ಸಲ ಓದಿದ.

"ಕೇಳಿದ್ರೆ ನಾನೇ ಬಿಚ್ಚಿ ಕೊಡ್ತಿರ್ಲಿಲ್ವಾ ತಾತ?"

"ಕೊಡ್ತಿದ್ದೆ ಕಣಪ್ಪ. ಕೇಳೋಕೆ ನನಗೆ ಬಾಯಿ ಬರಬೇಕಿತ್ತಲ್ಲ. ಅವರಿವರ ವಾಚು ಮಾರ್ಕೊಂಡೋನು ಅಂತ ನಿನ್ನ ಮುಂದೂ ಹೇಳಬೇಕಿತ್ತು, ಅವಳ ಮುಂದೂ ಹೇಳಬೇಕಿತ್ತು."

ಸಲೂನಿನವನು ಇನ್ಸ್‌ಪೆಕ್ಟರ ಕಡೆ ತಿರುಗಿದ. "ಸಾರ್, ನನ್ನ ಕಂಪ್ಲೇಂಟ್ ಹರಿದು ಹಾಕಿ."

"ಎಫ್‌ಐಆರ್ ಆಗಿದೆ, ಇನ್ನು ಹರಿಯೋದು ನನ್ನ ಕೈಲಿಲ್ಲ. ನಾಳೆ ಕೋರ್ಟಿಗೆ ಬಂದು ರಾಜಿ ಅಂತ ಹೇಳು, ಜಾಮೀನಿಗೂ ನೀನೇ ನಿಲ್ಲು. ನಾನು ಅಡ್ಡ ಬರಲ್ಲ. ಇವತ್ತು ಮಾತ್ರ ನನ್ನ ಕೆಲಸ ನಾನು ಮಾಡ್ಬೇಕು." ಅವರು ಕಾನ್‌ಸ್ಟೆಬಲ್ಲಿಗೆ ಹೇಳಿದರು: "ದಸ್ತಗಿರಿ ಸಮಯ ಹಾಕಮ್ಮ."

"ಹನ್ನೊಂದು ಹದಿಮೂರು ಸಾರ್."

"ಇಲ್ಲ ಮಗಳೇ," ತಾತ ಮೆಲ್ಲಗೆ ತಿದ್ದಿದ. "ಹನ್ನೊಂದು ಇಪ್ಪತ್ತು."

ಹೇಗೆ ಸಿಕ್ಕಿಬಿದ್ದನೆಂದು ತಾತನಿಗೆ ಯಾರೂ ಹೇಳಿರಲಿಲ್ಲ. ಕೊನೆಗೆ ಅವಳೇ ಹೇಳಿದಳು: ಸೈರನ್ನಿನ ವಿಷಯ, ಗಿರಣಿಯ ಗೇಟು, ಹೆಬ್ಬೆಟ್ಟಿನ ಮಿಷಿನ್ನು. ದಸ್ತಗಿರಿ ಎಂದಾಗ ಅಲುಗದಿದ್ದ ಮುಖ ಈಗ ಬಿಳುಚಿತು.

"ಒಂದು ತಿಂಗಳಿಂದ? ಹಾಗಾದ್ರೆ ಅಷ್ಟು ಜನಕ್ಕೂ ತಪ್ಪು ಟೈಮ್ ಇಟ್ಟು ಕೊಟ್ಟೆನಾ? ಅಯ್ಯೋ... ಆ ಹುಡುಗಿಗೂ ತಪ್ಪೇ ಇಟ್ಟು ಕೊಟ್ಟೆನಲ್ಲ!"

"ಬಸ್ಸು ತಪ್ಪಿರಲ್ಲ ಬಿಡಿ ತಾತ," ಎಂದಳು ಕಾನ್‌ಸ್ಟೆಬಲ್. "ಮುಂದೆ ತಾನೇ ಇರೋದು? ಹಿಂದೆ ಅಲ್ವಲ್ಲ."

ತಾತ ಅವಳನ್ನು ನೋಡಿದ. ಆಮೇಲೆ ಇನ್ಸ್‌ಪೆಕ್ಟರಿಗೆ ಕೇಳಿದ: "ಈ ಕೈಯ ವಾಚನ್ನ ಬಿಚ್ಚಿಕೊಡೋ ಮುಂಚೆ ಸರಿ ಮಾಡ್ಲಾ ಸಾರ್?"

"ಮಾಡಿ. ಎಷ್ಟು ಹೊತ್ತು ಬೇಕು?"

"ಏಳು ನಿಮಿಷ."

"ಒಂದು ಸಲ ಹಿಂದಕ್ಕೆ ತಿರುಗಿಸಿದ್ರೆ ಆಯ್ತಲ್ಲ?"

"ಮುಳ್ಳನ್ನ ಹಿಂದಕ್ಕೆ ತಿರುಗಿಸಬಾರ್ದು ಸಾರ್. ಒಳಗಡೆ ಹಲ್ಲಿಗೆ ನೋವಾಗುತ್ತೆ. ನಿಲ್ಲಿಸಿ ಕಾಯಬೇಕು, ಹೊತ್ತು ತಾನಾಗಿ ಬರೋ ತನಕ."

ಅವನು ವಾಚಿನ ಗುಂಡಿಯನ್ನು ಉಗುರಿನಿಂದ ಹೊರಗೆಳೆದ. ಸೆಕೆಂಡಿನ ಮುಳ್ಳು ನಿಂತಿತು. ಇನ್ಸ್‌ಪೆಕ್ಟರು ಬಾಗಿಲಾಚೆಗೆ ಕೂಗಿ ನಾಲ್ಕು ಟೀ ಹೇಳಿದರು. ಸಲೂನಿನವನು ಬೆಂಚಿನ ಮೇಲೆ ತಾತನಿಗೆ ಭುಜ ತಾಗುವಂತೆ ಕುಳಿತ. ಫೋನು ಒಂದು ಸಲ ಬಡಿದುಕೊಂಡಿತು, ಯಾರೂ ಎತ್ತಲಿಲ್ಲ. ಕಾನ್‌ಸ್ಟೆಬಲ್ ಮೊಬೈಲನ್ನು ಮೇಜಿನ ಮೇಲೆ ತಾತನಿಗೆ ಕಾಣುವಂತೆ ತಿರುಗಿಸಿ ಇಟ್ಟಳು.

"ಅವಳ ಮುಖ ಹೇಗಿತ್ತು ತಾತ, ಕೈಗೆ ಕೊಟ್ಟಾಗ?" ಸಲೂನಿನವನು ಕೇಳಿದ.

"ಮೊದಲು ಕಿವಿಗೆ ಹಿಡಿದ್ಲು," ಎಂದ ತಾತ. "ತುಂಬಾ ಹೊತ್ತು."

ಹನ್ನೊಂದು ಇಪ್ಪತ್ತಕ್ಕೆ ಅವನು ಗುಂಡಿ ಒತ್ತಿದ. ಮುಳ್ಳು ನಡೆಯಿತು. ಕಾನ್‌ಸ್ಟೆಬಲ್ ಬರೆದಳು: ದಸ್ತಗಿರಿ ಸಮಯ, 11.20. ಅಂಗಶೋಧನೆಯಲ್ಲಿ ಸಿಕ್ಕ ವಸ್ತುಗಳು: ಭೂತಗನ್ನಡಿ ಒಂದು, ಹಳೆಯ ಕೈಗಡಿಯಾರ ಒಂದು, ಚಾಲನೆಯಲ್ಲಿದೆ. ಆರೋಪಿ ಹೇಳಿದವರ ವಶಕ್ಕೆ ಅವನ್ನು ರಸೀದಿ ಪಡೆದು ಕೊಡಬಹುದು. ಆರೋಪಿ ಸಲೂನಿನವನ ಕಡೆ ಕೈ ತೋರಿಸಿದ.

"ಎಷ್ಟು ದಿನಕ್ಕೆ ಅಂತ ಬರೀಲಿ?" ಕಾನ್‌ಸ್ಟೆಬಲ್ ಕೇಳಿದಳು.

ಸಲೂನಿನವನು ತಾತನ ವಾಚನ್ನು ಖಾಲಿಯಿದ್ದ ತನ್ನ ಇನ್ನೊಂದು ಕೈಗೆ ಕಟ್ಟಿಕೊಳ್ಳುತ್ತಿದ್ದ. ಪಟ್ಟಿಯ ಕೊನೆಯ ತೂತಿಗೆ ಹಾಕಿದರೂ ಅದು ಸಡಿಲವೇ ಇತ್ತು.

"ವಾರಸುದಾರರು ಬರೋ ತನಕ ಅಂತ ಬರೀರಿ ಮೇಡಂ."