ಟೀಚರ್ ಕೊಂಡ ಚಿಕ್ಕ ಕ್ಯಾಮೆರಾ

ಟೀಚರ್ ತನ್ನ ಲೆನ್ಸ್‌ಗಳನ್ನೆಲ್ಲ ಮಾರಲು ಇಟ್ಟಿದ್ದಾಳೆ ಎಂಬ ಸುದ್ದಿ ಅವನ ಕಿವಿಗೆ ಬಿದ್ದದ್ದು ಕ್ಯಾಮೆರಾ ರಿಪೇರಿ ಅಂಗಡಿಯಲ್ಲಿ. ಗಾಜಿನ ಕಪಾಟಿನಲ್ಲಿ ಅವಳ ಉದ್ದ ಲೆನ್ಸ್ ಒಂಟಿಯಾಗಿ ನಿಂತಿತ್ತು. ಅವಳು ಬೇರೆ ಕಂಪನಿಯದಕ್ಕೆ ಬದಲಾದಳಂತೆ, ಅದೂ ಕ್ರಾಪ್ ಎನ್ನುವ ಚಿಕ್ಕ ಸೆನ್ಸರ್‌ನ ಪುಟ್ಟ ಮಿರರ್‌ಲೆಸ್ ಕ್ಯಾಮೆರಾಗೆ, ಎಂದು ರಿಪೇರಿಯವನು ಸ್ಕ್ರೂ ತಿರುಗಿಸುತ್ತಲೇ ಹೇಳಿದ.

ಅವನಿಗೆ ಕೂತಲ್ಲೇ ಸುಸ್ತಾಯಿತು.

ಟೀಚರ್ ಪಾಠ ಮಾಡುವವಳಲ್ಲ. ಶಾಲೆಗಳ ಗ್ರೂಪ್ ಫೋಟೋ ತೆಗೆಯುವಾಗ ಮಕ್ಕಳಿರಲಿ, ಹೆಡ್‌ಮಾಸ್ಟರನ್ನೂ ಗದರಿಸಿ ಸಾಲಿನಲ್ಲಿ ನಿಲ್ಲಿಸುತ್ತಾಳೆಂದು ಬಂದ ಹೆಸರು. ಅವನು ಹಿಂದೆ ಪತ್ರಿಕೆಯೊಂದರ ಫೋಟೋಗ್ರಾಫರ್. ಪತ್ರಿಕೆ ಮುಚ್ಚಿದ ಮೇಲೂ ಎಲ್ಲರ ಬಾಯಲ್ಲಿ ಪೇಪರಣ್ಣ. ಟೀಚರ್ ಮಾತ್ರ ಮೊದಲಿನಿಂದಲೂ ಬರೀ ‘ಪೇಪರ್’ ಎನ್ನುತ್ತಿದ್ದಳು. ಆ ‘ಅಣ್ಣ’ನನ್ನು ಬೇಕೆಂದೇ ಕೈಬಿಟ್ಟಳೋ, ಮರೆತಳೋ ಎಂದು ಅವನು ಎಷ್ಟೋ ಸಂಜೆ ತಲೆ ಕೆಡಿಸಿಕೊಂಡಿದ್ದ.

ಇಬ್ಬರದೂ ಒಂದೇ ಕಂಪನಿಯ, ದೊಡ್ಡ ಸೆನ್ಸರ್‌ನ ಫುಲ್ ಫ್ರೇಮ್ ಕ್ಯಾಮೆರಾ. ಒಬ್ಬರ ಲೆನ್ಸ್ ಇನ್ನೊಬ್ಬರದಕ್ಕೆ ಕೂರುತ್ತಿತ್ತು. ಮ್ಯಾಚ್ ಇದ್ದಾಗೆಲ್ಲ ಅವನು ಅವಳ ಉದ್ದ ಲೆನ್ಸ್ ಕೇಳಿ ಒಯ್ಯುವುದು, ವಾಪಸ್ ಕೊಡುವ ನೆಪದಲ್ಲಿ ಅವಳ ಮನೆಗೆ ಹೋಗುವುದು, ಬಾಗಿಲಲ್ಲೇ ನಿಂತು ಎರಡು ಮಾತಾಡುವುದು. ಒಳಗಿನಿಂದ ಅವಳಮ್ಮನ ಕೆಮ್ಮು ಕೇಳುತ್ತಿತ್ತು. ಅವಳು ಒಳಗೆ ಕರೆಯಲಿಲ್ಲ, ಅವನು ಹೋಗಲಿಲ್ಲ. ಇಬ್ಬರಿಗೂ ನಲವತ್ತು ಹತ್ತಿರವಾಗಿತ್ತು. ಸಂಕೋಚಕ್ಕೆ ಮಾತ್ರ ಇನ್ನೂ ಹದಿನಾರು.

ಬೇರೆ ಕಂಪನಿಯ ಲೆನ್ಸ್ ಅವನ ಕ್ಯಾಮೆರಾಗೆ ಕೂರುವುದಿಲ್ಲ. ಅಂದರೆ ಇನ್ನು ಕೊಡುವುದಿಲ್ಲ, ತೆಗೆದುಕೊಳ್ಳುವುದಿಲ್ಲ. ನೇರವಾಗಿ ಬರಬೇಡ ಅನ್ನಲಾಗದೆ ಹೀಗೆ ಮಾಡಿದಳು ಎಂದುಕೊಂಡ. ಮನೆಯಲ್ಲಿ ಮುಖ ನೋಡಿದ ಅವನ ಅಕ್ಕ, ಬಾಯಿದ್ದೂ ಕೇಳದವನು ನೀನು, ಒಂದು ಫೋನ್ ಮಾಡಬಾರದೇನೋ ಎಂದು ಗದರಿದಳು. ಅವನು ಮಾಡಲಿಲ್ಲ.

ಆ ವಾರದ ಕೊನೆಯಲ್ಲಿ ಶಾಲೆಯೊಂದರ ಒಳಾಂಗಣ ಕ್ರೀಡಾಕೂಟಕ್ಕೆ ಇಬ್ಬರನ್ನೂ ಕರೆದಿದ್ದರು. ಬ್ಯಾಡ್ಮಿಂಟನ್ ಕೋರ್ಟಿನ ಆ ಬದಿಯಲ್ಲಿ ಅವಳು ನಿಂತಿದ್ದಳು, ಅಂಗೈಯಲ್ಲಿ ಅಡಗುವಂಥ ಕ್ಯಾಮೆರಾ ಹಿಡಿದು. ಕೂದಲು ಅವಸರದಲ್ಲಿ ಕಟ್ಟಿದ್ದು. ಕಣ್ಣ ಕೆಳಗೆ ಕಪ್ಪು. ಅವನನ್ನು ನೋಡಿ ನಕ್ಕಳು. ಆದರೆ ನಗು ಅರ್ಧ ದಾರಿಯಲ್ಲೇ ದಣಿದು ಕೂತಿತು.

ವಿರಾಮದಲ್ಲಿ ಹತ್ತಿರ ಹೋಗಿ, ಈ ಆಟಿಕೆ ಎಲ್ಲಿ ಸಿಕ್ಕಿತು ಎಂದು ಕೇಳಿದ. ಅವಳು ಸೋಲಲಿಲ್ಲ. ಸೆನ್ಸರ್ ಚಿಕ್ಕದಾದ್ದರಿಂದ ಸಾಧಾರಣ ಲೆನ್ಸೇ ದೂರದ್ದನ್ನು ಹತ್ತಿರ ತೋರಿಸುತ್ತದೆ, ಆಟಗಾರ ಓಡಿದರೂ ಫೋಕಸ್ ಅವನ ಕಣ್ಣು ಬಿಡುವುದಿಲ್ಲ ಎಂದು ಪರದೆಯನ್ನು ಅವನತ್ತ ತಿರುಗಿಸಿದಳು. ತಲೆಗೆ ತಲೆ ತಾಗುವಷ್ಟು ಹತ್ತಿರ ನಿಂತು ಇಬ್ಬರೂ ನೋಡಿದರು. ಅವನು ಚಿತ್ರವನ್ನು ಹಿಗ್ಗಿಸಿ, ಮೂಲೆಯ ಕತ್ತಲಲ್ಲಿ ರವೆ ಚೆಲ್ಲಿದ ಹಾಗೆ ಕಾಳುಕಾಳಾಗಿದೆ ಎಂದು ತೋರಿಸಿದ. ನಿಮ್ಮದರಲ್ಲಿ ಇಷ್ಟಿಲ್ಲ, ಒಪ್ಪಿದೆ, ಎಂದಳು. ಒಪ್ಪಿದ ರೀತಿಗೆ ಅವನಿಗೇ ಪಾಪ ಅನಿಸಿತು.

“ಚಿಕ್ಕದೇ ಬೇಕಿದ್ರೆ ನಮ್ಮ ಕಂಪನಿಯಲ್ಲೂ ಕ್ರಾಪ್ ಬಾಡಿ ಬಂದಿದೆಯಲ್ಲ ಮೇಡಂ. ನಿಮ್ಮ ಹಳೇ ಲೆನ್ಸೆಲ್ಲ ಅದಕ್ಕೇ ಕೂರ್ತಿತ್ತು.”

“ನೋಡ್ದೆ. ಬಾಡಿ ಚಿಕ್ಕದು, ಮುಂದಿನ ಲೆನ್ಸ್ ಅದೇ ಭೀಮನ ಗದೆ. ಇನ್ನೊಂದು ಕಂಪನಿದು ಇದಕ್ಕಿಂತ ಹಗುರ, ಆದ್ರೆ ಇಂಥ ಮಂದ ಬೆಳಕಿನ ಹಾಲ್‌ನಲ್ಲಿ ಕೈ ಕೊಡುತ್ತೆ. ಈ ಕಂಪನಿಯವರು ಒಬ್ಬರೇ ಸಣ್ಣ ಸೆನ್ಸರ್‌ಗೆ ಅಂತ ಸಣ್ಣ ಲೆನ್ಸ್ ಮನಸ್ಸಿಟ್ಟು ಮಾಡಿರೋದು.”

ಮಾತು ಮುಗಿಸಿ ಅವಳು ಗ್ಯಾಲರಿಯ ಮೆಟ್ಟಿಲ ಮೇಲೆ ಕೂತಳು. ಬಲಭುಜವನ್ನು ಎಡಗೈಯಿಂದ ಹಿಡಿದುಕೊಂಡದ್ದು ಆಗ ಅವನ ಕಣ್ಣಿಗೆ ಬಿತ್ತು. ಮೆಲ್ಲಗೆ ಕೇಳಿದ. ಅವಳು ಮೆಲ್ಲಗೇ ಹೇಳಿದಳು. ಅಮ್ಮನಿಗೆ ಪಾರ್ಶ್ವವಾಯು ಬಡಿದು ಹಾಸಿಗೆ ಹಿಡಿದು ಬಹಳ ಕಾಲವಾಯಿತು. ಬೆಳಿಗ್ಗೆ ಎಬ್ಬಿಸಿ ಕುರ್ಚಿಗೆ, ಮಧ್ಯಾಹ್ನ ಮತ್ತೆ ಹಾಸಿಗೆಗೆ. ಹೀಗೇ ಭಾರ ಎತ್ತುತ್ತಿದ್ದರೆ ಕೈ ಮೇಲೇಳುವುದೇ ನಿಂತೀತು ಎಂದು ಡಾಕ್ಟರ್ ಹೇಳಿದ್ದಾರೆ.

“ಭುಜ ಇರೋದು ಇದೊಂದು. ಅಮ್ಮನ್ನ ಎತ್ತಬೇಕು, ಇಲ್ಲ ಆ ಲೆನ್ಸ್ ಎತ್ತಬೇಕು. ಅಮ್ಮನ್ನ ಮಾರೋಕಾಗಲ್ವಲ್ಲ ಪೇಪರ್.”

ಅವನು ಅವಳಿಗಿಂತ ಒಂದು ಮೆಟ್ಟಿಲು ಕೆಳಗೆ ಕೂತ. ನಾನು ಬೇರೆ ಅಂದುಕೊಂಡಿದ್ದೆ ಎಂದ. ಏನಂದುಕೊಂಡಿರಿ ಎಂದು ಅವಳು ಕೇಳಿದಾಗ ನೆಲ ನೋಡಿದ. ಕೆಳಗೆ ಯಾರೋ ನೆಟ್ ಬಿಗಿಯುತ್ತಿದ್ದರು. ಇವತ್ತು ಹೇಳದಿದ್ದರೆ ಇನ್ನೆಂದೂ ಹೇಳಲಾರೆ ಅನಿಸಿತು.

“ನಿಮ್ಮ ಆ ಉದ್ದ ಲೆನ್ಸ್... ಅಂಥದ್ದೇ ನನ್ನ ಹತ್ರಾನೂ ಇದೆ. ಯಾವಾಗಲೋ ತಗೊಂಡಿದ್ದು.”

“ಗೊತ್ತು.”

ಅವನು ತಲೆಯೆತ್ತಿದ.

“ಮೈದಾನಕ್ಕೆ ಹೋಗಿ ಬಂದ ಲೆನ್ಸ್ ಮೇಲೆ ಒಂಚೂರು ಧೂಳಾದ್ರೂ ಇರಲ್ವಾ? ಕೊಟ್ಟ ಹಾಗೇ ವಾಪಸ್ ಬರ್ತಿತ್ತು.”

“ಮತ್ತೆ ಯಾಕೆ ಕೊಡ್ತಿದ್ರಿ?”

“ವಾಪಸ್ ಕೊಡೋಕೆ ನೀವು ಬರ್ತಿದ್ರಲ್ಲ.”

ಹೇಳಿದವಳು ಕಣ್ಣು ಮುಚ್ಚಿ ಗೋಡೆಗೆ ಒರಗಿದಳು, ಹೊತ್ತದ್ದನ್ನು ಕೊನೆಗೂ ಇಳಿಸಿದವಳಂತೆ. ಕೆನ್ನೆಯಲ್ಲಿ ತೆಳುವಾಗಿ ಕೆಂಪೇರಿತ್ತು. ಯಾವ ಕ್ಯಾಮೆರಾದಲ್ಲೂ ಆ ಬಣ್ಣ ಸರಿಯಾಗಿ ಬರುವುದಿಲ್ಲ ಎಂದುಕೊಂಡು ಅವನು ಸುಮ್ಮನೆ ನೋಡುತ್ತ ಕೂತ.

ಮಧ್ಯಾಹ್ನ ಅವಳ ಜೊತೆ ಮನೆಗೆ ಹೋದ. ಈ ಸಲ ಕೈಯಲ್ಲಿ ಏನೂ ಇರಲಿಲ್ಲ. ಅವಳು ಕೆಲಸಕ್ಕೆ ಹೋದಾಗ ಅಮ್ಮನ ಜೊತೆ ಇರುವ ಹೆಂಗಸು ಹೊರಡಲು ಚಪ್ಪಲಿ ಮೆಟ್ಟಿ ನಿಂತಿದ್ದಳು. ಎಲ್ಲಿ ಹಿಡಿಯಬೇಕು, ಹೇಗೆ ಎತ್ತಬೇಕು ಎಂದು ಟೀಚರ್ ಹೇಳಿಕೊಟ್ಟಳು. ಇಲ್ಲಿ ಮಾತ್ರ ಗದರಲಿಲ್ಲ. ಅವನು ಅಮ್ಮನನ್ನು ಕುರ್ಚಿಯಿಂದ ಎತ್ತಿ ಹಾಸಿಗೆಯಲ್ಲಿ ಕೂರಿಸಿ, ಬೆನ್ನಿಗೆ ದಿಂಬು ಕೊಟ್ಟ.

ಅಮ್ಮ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿ, “ಬಾಗಿಲಲ್ಲೇ ನಿಂತು ಹೋಗ್ತಿದ್ದ ದನಿ ನಿಮ್ದೇನಾ? ಇಷ್ಟು ಎತ್ತರ ಇದ್ದೀರಿ ಅಂತ ದನಿಯಲ್ಲಿ ಗೊತ್ತಾಗ್ತಿರಲಿಲ್ಲ” ಎಂದರು. ಮಾತು ತುಸು ತೊದಲುತ್ತಿತ್ತು, ಕಣ್ಣು ತೊದಲುತ್ತಿರಲಿಲ್ಲ.

ಟೀ ಇಟ್ಟು ಬರುತ್ತೇನೆಂದು ಹೋದ ಟೀಚರ್ ಎಷ್ಟು ಹೊತ್ತಾದರೂ ಬರಲಿಲ್ಲ. ಅವನು ಹೋಗಿ ನೋಡಿದರೆ ಅಡುಗೆಮನೆಯ ಸ್ಟೂಲಿನ ಮೇಲೆ, ಗೋಡೆಗೆ ತಲೆಯಾನಿಸಿ ನಿದ್ದೆ ಹೋಗಿದ್ದಳು. ಒಲೆ ಇನ್ನೂ ಹಚ್ಚಿರಲಿಲ್ಲ. ಅವಳನ್ನು ಎಬ್ಬಿಸದೆ ತಾನೇ ಟೀ ಮಾಡಿ, ಅಮ್ಮನಿಗೆ ಚಮಚದಲ್ಲಿ ಕುಡಿಸಿದ. ಸಕ್ಕರೆ ಜಾಸ್ತಿಯಾಯಿತು ಎಂದರು ಅಮ್ಮ, ಪೂರ್ತಿ ಕುಡಿದರು.

ಕಿಟಕಿಯ ಬೆಳಕು ಹಳದಿಗೆ ತಿರುಗುವ ಹೊತ್ತಿಗೆ ಟೀಚರ್ ಗಾಬರಿಯಿಂದ ಎದ್ದು ಬಂದಳು. ಕೆನ್ನೆಯ ಮೇಲೆ ಗೋಡೆಯ ಸುಣ್ಣ. ಅಮ್ಮ ಮಲಗಿದ್ದರು, ಅವನು ಪಕ್ಕದ ಕುರ್ಚಿಯಲ್ಲಿದ್ದ.

“ಇನ್ನೂ ಹೋಗಲಿಲ್ವಾ?”

“ಬೆಳಿಗ್ಗೆ ಅಮ್ಮನ್ನ ಯಾವಾಗ ಎಬ್ಬಿಸಬೇಕು ಅಂತ ಕೇಳೋಣ ಅಂತಿದ್ದೆ.”

ಅವಳು ಬಾಗಿಲ ಚೌಕಟ್ಟಿಗೆ ಒರಗಿ ಅವನನ್ನೇ ನೋಡಿದಳು. ಅವನು ಬರೀ ಒಂದು ಬೆಳಗಿನ ಮಾತಾಡುತ್ತಿಲ್ಲ ಎಂದು ಅವಳಿಗೆ ತಿಳಿಯಿತು. ಕಣ್ಣು ತುಂಬಿತು, ಒರೆಸಿಕೊಳ್ಳಲೂ ಆಯಾಸ.

“ಅಮ್ಮಂಗೆ ಬೆಳಕು ಹರಿಯೋ ಹೊತ್ತಿಗೇ ಎಚ್ಚರ ಆಗುತ್ತೆ,” ಎಂದಳು. “ನನ್ನ ಮಾತ್ರ ಇನ್ನೊಂದು ಚೂರು ಮಲಗೋಕೆ ಬಿಡಿ.”