ಉಡಿಯ ಮಣ್ಣು

"ಬಾಯಾರ, ಉಡ್ಯಾಗಿನ ಮಣ್ಣ ಚೆಲ್ಲಾಕತ್ತೈತಿ ನೋಡ್ರಿ!"

ತಿಕೋಟಾದಲ್ಲಿ ಬಸ್ಸು ಹತ್ತಿದ ಎತ್ತರದ ಹುಡುಗನೊಬ್ಬ ಹೀಗೆ ಕೂಗಿದಾಗ ಬಸ್ಸಿನವರೆಲ್ಲ ತಿರುಗಿ ನೋಡಿದರು. ಸತ್ಯವ್ವಳ ಮುಖ ಕೆಂಪಾಯಿತು. ಸೆರಗಿನ ಗಂಟನ್ನು ಎರಡೂ ಕೈಯಿಂದ ಬಿಗಿಹಿಡಿದಳು.

ಅಕ್ಕನನ್ನು ಕರೆದಂತೆ 'ಅಕ್ಕಾರ' ಅನ್ನದೆ, ಶಾಲೆಯ ಟೀಚರನ್ನು ಕರೆದಂತೆ 'ಬಾಯಾರ' ಅಂದಿದ್ದ, ಪುಣ್ಯ! ಮುಂದಿನ ಕಥೆಗೆ ಅದೇ ಒಳ್ಳೆಯದಾಯಿತು.

"ಪರೀಕ್ಷಾಕ್ಕ ಒಯ್ಯಾಕತ್ತೇನಿ. ನಿಮಗ್ಯಾಕ ಬೇಕ್ರಿ?" ಎಂದಳು ಬಿರುಸಾಗಿ.

"ಪರೀಕ್ಷಾಕ್ಕ?" ಅವನು ಬಗ್ಗಿ ನೋಡಿದ. "ಕುಂಕುಮ ಐತಿ, ಸುಣ್ಣದ ಚಕ್ಕಿ ಐತಿ, ಅನ್ನದ ಅಗಳೂ ಐತಿ! ಇದನ್ನ ಪರೀಕ್ಷೆ ಮಾಡಿದ್ರ ಅಡಗಿ ರುಚಿ ಗೊತ್ತಾದೀತು, ಮಣ್ಣಿಂದಲ್ಲ."

"ಜರಡಿ ಹಿಡೀತೇನಿ!"

"ಚಕ್ಕಿ ಜರಡ್ಯಾಗ ಸಿಗತೈತ್ರಿ. ಪುಡಿ ಸಿಗತೈತೇನು?"

ಯಾರೋ ನಕ್ಕರು. ಸತ್ಯವ್ವ ಕಿಟಕಿಯ ಕಡೆ ಮುಖ ತಿರುಗಿಸಿದಳು. ಯಾವ ಊರ ಶಾಣ್ಯಾನೋ ಇಂವ! ನಾನು ಬಿ.ಎಸ್ಸಿ. ಪಾಸಾದವಳು... ಇವನಿಂದ ಕಲೀಬೇಕಾ?

ಆದರೂ ಎದೆಯಲ್ಲಿ ಒಂದು ಮುಳ್ಳು ಚುಚ್ಚಿತ್ತು. ಮಣ್ಣನ್ನು ತಾನೇ ಅಗೆದು ತೆಗೆಯಬೇಕು, ಹೊಲದ ತುಂಬ ಅಡ್ಡಾಡಿ ಹತ್ತಾರು ಕಡೆಯಿಂದ ತೆಗೆಯಬೇಕು ಎಂಬುದು ತರಬೇತಿಯ ಮೊದಲ ಪಾಠ. ಅದು ಅವಳಿಗೂ ಗೊತ್ತಿತ್ತು.

ಅವಳೇನು ಮಾಡಿಯಾಳು? ಇಬ್ರಾಹಿಂಪುರದ ರೈಲು ಹಳಿಯ ಪಕ್ಕ ಬೆಳೆದ ಹುಡುಗಿ, ಇವತ್ತು ಎಳ್ಳ ಅಮಾವಾಸ್ಯೆ ಎಂಬ ಲೆಕ್ಕವೇ ಇಲ್ಲದೆ ಗುದ್ದಲಿ ಹಿಡಿದು ಕಳ್ಳಕವಟಗಿಗೆ ಹೋಗಿದ್ದಳು. ಹೊಲದೊಡತಿ ಅಕ್ಕನಾಗಮ್ಮ ಗುದ್ದಲಿ ನೋಡಿ ಹೌಹಾರಿದ್ದಳು.

"ಯವ್ವಾ! ಇವತ್ತ ಭೂಮಿತಾಯಿಗೆ ಗುದ್ದಲಿ ಹಚ್ಚತಾರೇನಬೇ? ಹೊಲದ ತುಂಬ ಅನ್ನದ ಎಡಿ ತೂರಿ ಚರಗ ಚೆಲ್ಲೂ ದಿನಾ! ಮೊದಲ ಉಣ್ಣು ಬಾ."

ಸಜ್ಜೆ ರೊಟ್ಟಿ, ಎಣಗಾಯಿ, ಶೇಂಗಾ ಹೋಳಿಗೆ ಉಣಿಸಿದಳು. ಆಮೇಲೆ ಬನ್ನಿ ಗಿಡದ ಬುಡದಲ್ಲಿ, ಸುಣ್ಣ ಬಳಿದ ಐದು ಕಲ್ಲುಗಳನ್ನು ಪೂಜಿಸಿದ ಜಾಗದಿಂದಲೇ ಸಡಿಲು ಮಣ್ಣನ್ನು ಬೊಗಸೆಯಲ್ಲಿ ತೆಗೆದು ಉಡಿ ತುಂಬಿದಳು.

"ಮಣ್ಣ ಬೇಡಾಕ ಬಂದ ಮಗಳಿಗೆ ಬರೇ ಉಡಿಲೆ ಕಳಸ್ತೀನೇನು? ಹೊಲದಾಗಿನ ಚಲೋ ಮಣ್ಣ ಇದ. ದಾರ್‍ಯಾಗ ಬಿಚ್ಚಬ್ಯಾಡಬೇ."

ತುಂಬಿದ ಉಡಿಯನ್ನು ಯಾರು ಒಲ್ಲೆ ಅನ್ನುತ್ತಾರೆ? ಪ್ರಯೋಗಾಲಯದ ಬಟ್ಟೆ ಚೀಲ ಖಾಲಿಯಾಗಿ ಹೆಗಲಲ್ಲೇ ಉಳಿದಿತ್ತು. 'ಚಿಟಿಕೆ ಸುಣ್ಣದಿಂದ ಏನಾಗತೈತಿ...' ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡಳು.

ಮರುದಿನ ವಿಜಾಪುರದ ಪ್ರಯೋಗಾಲಯದ ಬಾಗಿಲಲ್ಲಿ ಅದೇ ಎತ್ತರದ ಹುಡುಗ ನಿಂತಿದ್ದ!

"ಇವರು ಗೊಲ್ಲಾಳಪ್ಪ, ಬಬಲೇಶ್ವರದವರು," ಎಂದರು ತರಬೇತಿಯ ಮುಖ್ಯಸ್ಥ ಶಿವಯೋಗೆಪ್ಪ ಸಾಹೇಬರು. "ಇಷ್ಟ ದಿನಾ ಹೊಲದ ವಿಭಾಗದಾಗ ತರಬೇತಿ ತಗೊಂಡಾರ. ಇನ್ನ ಕೊನೀ ತಿಂಗಳಾ ನಿಮ್ಮ ಸಂಗಡನ."

ಗೊಲ್ಲಾಳಪ್ಪ ಕೈ ಮುಗಿದ. ತುಟಿಯಂಚಿನಲ್ಲಿ ನಗು. "ಬಾಯಾರ ಪರಿಚಯ ಆಗೈತ್ರಿ ಸಾಹೇಬ್ರ."

ಅಯ್ಯೋ ದೇವರೇ... ಇವನೂ ಪದವೀಧರನಾ!

ಅದು ಎಪ್ಪತ್ತಾರನೆಯ ಇಸವಿ. ವಿಜ್ಞಾನ ಓದಿದ ಆರು ಮಂದಿಯನ್ನು ಆರಿಸಿ, ಒಂದು ವರ್ಷ ಮಣ್ಣಿನ ಪರೀಕ್ಷೆ ಕಲಿಸುವ ತರಬೇತಿ. ಆರರಲ್ಲಿ ಹೆಣ್ಣೆಂದರೆ ಸತ್ಯವ್ವ ಒಬ್ಬಳೇ. ಕೊನೆಗೆ ಪ್ರತಿಯೊಬ್ಬರೂ ಒಂದು ಹೊಲದ ಮಣ್ಣನ್ನು ಪರೀಕ್ಷಿಸಿ, ಪರೀಕ್ಷಕರ ಮುಂದೆ, ಆ ಹೊಲದ ಒಡೆಯರ ಮುಂದೆ ಅದರ ಗುಣದೋಷ ಹೇಳಬೇಕು. ಗೆದ್ದ ಒಬ್ಬರಿಗೆ ಮಾತ್ರ ಪ್ರಯೋಗಾಲಯದಲ್ಲಿ ಕಾಯಂ ನೌಕರಿ.

ಸತ್ಯವ್ವಳಿಗೆ ಅದು ಬರಿಯ ನೌಕರಿಯಲ್ಲ. ರೈಲ್ವೆಯಲ್ಲಿ ಗ್ಯಾಂಗ್‌ಮನ್ ಆಗಿದ್ದ ಅಪ್ಪ ಧೂಳಪ್ಪ ವರ್ಷದ ಹಿಂದೆಯೇ ಮಾತು ಕೊಟ್ಟಿದ್ದ, ಮಾತು ತೆಗೆದುಕೊಂಡೂ ಇದ್ದ.

"ಒಂದ ವರ್ಷ ಬಿಟ್ಟೇನಿ, ಯವ್ವಾ. ನೌಕರಿ ಸಿಕ್ಕರ ಮದುವಿ ಮಾತ ನಿನ್ನ ಕೈಯಾಗ. ಇಲ್ಲಂದ್ರ ಕನಮಡಿ ಸಂಬಂಧಕ್ಕ ಹೂಂ ಅನ್ನಬೇಕು."

ಕನಮಡಿಯವರು ಆಗಲೇ ಹೇಳಿ ಕಳಿಸಿದ್ದರು, 'ಓದಿದ್ದು ಸಾಕು, ಇನ್ನ ಹೊರಗ ದುಡಿಯೂದ ಬ್ಯಾಡ' ಎಂದು.

ಸತ್ಯವ್ವ ಉಡಿಯ ಮಣ್ಣನ್ನು ಒಣಗಿಸಿದಳು, ಜರಡಿ ಹಿಡಿದಳು, ಪರೀಕ್ಷಿಸಿದಳು. ಸುಣ್ಣದ ಅಂಶ ಮಿತಿಮೀರಿತ್ತು! ಇಲ್ಲಿನ ಎರೆಮಣ್ಣಿನಲ್ಲಿ ಸುಣ್ಣ ಇರುವುದೇ, ಆದರೆ ಇಷ್ಟೊಂದು? 'ಹೊಲ ಕೆಟ್ಟಿದೆ, ಬಿಳಿಜೋಳಕ್ಕೆ ತಕ್ಕುದಲ್ಲ' ಎಂದು ಹೇಳುವುದೆಂದು ನಿರ್ಧರಿಸಿದಳು.

ಗೊಲ್ಲಾಳಪ್ಪ ಎಲ್ಲರ ಎದುರಿಗೇ ತಲೆಯಾಡಿಸಿದ.

"ಈ ಮಣ್ಣ ಹೊಲದ ಮಾತ ಹೇಳಾಕತ್ತಿಲ್ರಿ, ಸತ್ಯವ್ವ. ಪೂಜಿ ಜಾಗದ ಮಾತ ಹೇಳಾಕತ್ತೈತಿ. ಅಜ್ಜ-ಮುತ್ಯಾನ ಕಾಲದಿಂದ ವರ್ಷಾ ವರ್ಷಾ ಅಲ್ಲೇ ಸುಣ್ಣ ಉದುರೇತಿ."

"ನಿಮಗ ನನ್ನ ಕೆಲಸದ ಉಸಾಬರಿ ಯಾಕ್ರಿ?" ಸತ್ಯವ್ವಳ ದನಿ ನಡುಗಿತು. "ಇರೂದ ಒಂದ ಜಾಗಾ. ನಾ ಬಿದ್ದರ ನಿಮಗ ಹಾದಿ ಸಸಾರ! ಅಷ್ಟ ತಾನ?"

ಅವನ ಮುಖದ ನಗು ಆರಿಹೋಯಿತು. "ಹಂಗ ತಿಳಕೊಂಡೀರೇನು?" ಎಂದವನು ತನ್ನ ಮೇಜಿಗೆ ಮರಳಿದ.

ಆಮೇಲೆ ಇನ್ನೊಂದು ಸುದ್ದಿ! ಪರೀಕ್ಷಕರ ಮುಂದೆ ಮೊದಲು ಹೋಗಬೇಕಿದ್ದವಳು ಸತ್ಯವ್ವ. ಈಗ ಮೊದಲು ಗೊಲ್ಲಾಳಪ್ಪನಂತೆ, ಸತ್ಯವ್ವ ವಾರ ಬಿಟ್ಟು ಕೊನೆಗೆ.

'ನೋಡ್ದ್ಯಾ? ಮೊದಲ ಹೋಗಿ ಹೆಸರ ಗಳಸಾಕ ಹೊಂಟಾನ...' ಆಗಲಿ! ಸಿಕ್ಕ ವಾರದಲ್ಲೇ ಅವನ ಮಾತು ಸುಳ್ಳು ಮಾಡುತ್ತೇನೆ!

ಮತ್ತೆ ಕಳ್ಳಕವಟಗಿಗೆ ಹೋದಳು. ಈ ಸಲ ತಾನೇ ಗುದ್ದಲಿ ಹಿಡಿದಳು. ಜೋಳದ ಸಾಲುಗಳ ನಡುವೆ ಈ ಬದುವಿನಿಂದ ಆ ಬದುವಿಗೆ ಅಡ್ಡಾದಿಡ್ಡಿ ನಡೆದು, ನಿಂತು ನಿಂತು ಅಗೆದಳು. ಅಂಗೈಯಲ್ಲಿ ಬೊಕ್ಕೆ ಎದ್ದವು.

ಪ್ರಯೋಗಾಲಯದಲ್ಲಿ ಎರಡು ಬಟ್ಟಲಿನಲ್ಲಿ ಎರಡು ಮಣ್ಣು ಇಟ್ಟಳು. ಉಡಿಯ ಮಣ್ಣಿನ ಮೇಲೆ ಆಮ್ಲದ ಹನಿ ಬಿಟ್ಟಳು. ಬುಸ್ಸೆಂದು ನೊರೆ ಉಕ್ಕಿತು. ಹೊಲದ ಮಣ್ಣಿನ ಮೇಲೆ ಬಿಟ್ಟಳು. ನಾಲ್ಕು ಗುಳ್ಳೆ ಎದ್ದು ಸುಮ್ಮನಾದವು, ಅಷ್ಟೇ.

ಸತ್ಯವ್ವ ಇನ್ನೊಮ್ಮೆ ಹನಿ ಬಿಟ್ಟು ನೋಡಿದಳು. ಅದೇ ಉತ್ತರ.

ಅವನು ಹೇಳಿದ್ದೇ ನಿಜ... ನಾನು ಆ ಮುದುಕಿಯ ಮುಂದೆ ನಿಂತು, ನಿನ್ನ ಹೊಲ ಕೆಟ್ಟಿದೆ ಅಂತ ಹೇಳುವವಳಿದ್ದೆ!

ಹೊಸ ಮಣ್ಣನ್ನಷ್ಟೇ ತೋರಿಸಿದರೆ? ಯಾರಿಗೂ ಗೊತ್ತಾಗುವುದಿಲ್ಲ. ಮೊದಲಿನ ತಪ್ಪು ಬಾಯಿಬಿಟ್ಟರೆ ನೌಕರಿ ಹೋದೀತು. ನೌಕರಿ ಹೋದರೆ... ಕನಮಡಿ.

ಸಂಜೆ ಮನೆಯಲ್ಲಿ ಅಪ್ಪನ ಮುಂದೆ ಎಲ್ಲ ಹೇಳಿ ಅತ್ತಳು. ಧೂಳಪ್ಪ ತಲೆಗೆ ಸುತ್ತಿದ್ದ ಪಟಗಾ ತೆಗೆದು ಮೊಣಕಾಲ ಮೇಲಿಟ್ಟುಕೊಂಡ.

"ನಾ ದಿನಾ ಹಳಿ ನೋಡಕೋತ ನಡೀತೇನಿ. ಬಿರುಕ ಕಂಡ್ರ ಕೆಂಪ ನಿಶಾನಿ ಹಿಡೀಬೇಕು. ಅದು ನನ್ನ ಸುತ್ತಿಗಿ ಪೆಟ್ಟಿಗೇ ಬಿಟ್ಟ ಬಿರುಕಿದ್ರೂ ಸೈ, ಹಿಡೀಬೇಕು. ಗಾಡ್ಯಾಗ ಮಂದಿ ಕುಂತಿರತಾರ, ಯವ್ವಾ."

ಅಪ್ಪ ಅಷ್ಟು ಹೇಳಿ ಎದ್ದು ಹೋದ. ಸತ್ಯವ್ವ ಕಣ್ಣೊರೆಸಿಕೊಂಡಳು.

ಆ ದಿನ ಬಂತು. ಪರೀಕ್ಷಕರು ಸಾಲಾಗಿ ಕೂತಿದ್ದರು. ಹಿಂದೆ ತರಬೇತಿಯ ಹುಡುಗರು, ಮೂಲೆಯಲ್ಲಿ ತಲೆ ಮೇಲೆ ಸೆರಗು ಹೊದ್ದ ಅಕ್ಕನಾಗಮ್ಮ. ಬಾಗಿಲ ಹೊರಗೆ ಧೂಳಪ್ಪ, ಒಳಗೆ ಬರಲು ಸಂಕೋಚಪಟ್ಟು.

ಸತ್ಯವ್ವ ಎರಡೂ ಬಟ್ಟಲು ಮುಂದಿಟ್ಟಳು.

"ಎರಡ್ಯಾಕ?" ಕೇಳಿದರು ಪರೀಕ್ಷಕರು.

"ಒಂದು ನನ್ನ ತಪ್ಪು, ಸರ್. ಇನ್ನೊಂದು ನನ್ನ ಕೆಲಸ."

ಉಡಿ ತುಂಬಿದ್ದು, ಬಸ್ಸಿನಲ್ಲಿ ತಂದದ್ದು, ಹೊಲ ಕೆಟ್ಟಿದೆ ಎಂದುಕೊಂಡದ್ದು... ಒಂದನ್ನೂ ಮುಚ್ಚಿಡಲಿಲ್ಲ. ಆಮ್ಲದ ಹನಿ ಬಿಟ್ಟಳು. ಒಂದು ಬಟ್ಟಲು ಉಕ್ಕಿತು, ಒಂದು ಸುಮ್ಮನಿತ್ತು. ಕೋಣೆಯೇ ಬಗ್ಗಿ ನೋಡಿತು.

"ಎಳ್ಳ ಅಮಾಸಿಗೆ ಗುದ್ದಲಿ ಹಚ್ಚಬಾರದು, ಸರ್. ಪೂಜಿ ಜಾಗದ ಮಣ್ಣ ಅವರ ಪಾಲಿಗೆ ಎಲ್ಲಾದಕ್ಕಿಂತ ಚಲೋ ಮಣ್ಣ. ಪ್ರೀತಿಲೇ ಅದನ್ನ ಕೊಡತಾರ. ಇನ್ನ ಮ್ಯಾಲ ಮಣ್ಣ ತಗಿಯಾಕ ಹೋಗೂವ್ರಿಗೆ ಮೊದಲ ಇದನ್ನ ಕಲಿಸಬೇಕು. ಉಡಿ ತುಂಬಿಸ್ಕೊಂಡು ಕೈ ಮುಗದು, ಮತ್ತೊಂದ ದಿನಾ ಬಂದು ಅಗೀಬೇಕು."

ಆಮೇಲೆ ಅಕ್ಕನಾಗಮ್ಮನ ಕಡೆ ತಿರುಗಿದಳು.

"ಅಮ್ಮಾ, ನಿಮ್ಮ ಹೊಲಾ ಚಲೋ ಐತಿ. ಗೊಬ್ಬರ ಒಂದೀಟ ಹೆಚ್ಚ ಹಾಕ್ರಿ, ಸಾಕು. ಬಿಳಿಜೋಳ ಬಿಡಬ್ಯಾಡ್ರಿ."

"ನಂಗೊತ್ತಿತ್ತಬೇ!" ಎಂದಳು ಅಕ್ಕನಾಗಮ್ಮ ಗಟ್ಟಿಯಾಗಿ. "ನಮ್ಮ ಹೊಲದ ಸಲವಾಗಿ ಎರಡೆರಡ ಸಲ ಬಂದ ಮಗಳು ನೀ!"

ಎಲ್ಲರೂ ನಕ್ಕರು. ಪರೀಕ್ಷಕರೂ ನಕ್ಕರು.

ಮಧ್ಯಾಹ್ನ ಶಿವಯೋಗೆಪ್ಪ ಸಾಹೇಬರು ಹೆಸರು ಓದಿದರು.

"ಸತ್ಯವ್ವ ಧೂಳಪ್ಪ, ಇಬ್ರಾಹಿಂಪುರ."

ಹಿಂದಿನ ಸಾಲಿನಲ್ಲಿ ಯಾರೋ ಜೋರಾಗಿ ಚಪ್ಪಾಳೆ ಹೊಡೆದರು. ತಿರುಗಿ ನೋಡಿದರೆ ಗೊಲ್ಲಾಳಪ್ಪ! ಕಣ್ಣು ಕಣ್ಣು ಕೂಡಿದ್ದೇ ತಡ, ಅವನು ಎದ್ದು ಹೊರಗೆ ಹೋದ.

ಬಾಗಿಲಲ್ಲಿ ಧೂಳಪ್ಪ ಸಿಕ್ಕಿದವರಿಗೆಲ್ಲ ಹೇಳುತ್ತಿದ್ದ. "ನನ್ನ ಹೆಸರ ಸರಕಾರಿ ಸಾಹೇಬರು ಓದಿದ್ರು, ಕೇಳಿದ್ರೇನು? ಮಗಳ ಹೆಸರಿನ ಜೋಡಿ ಓದಿದ್ರು!" ಮೂವತ್ತು ವರ್ಷ ಹಳಿ ಕಾದ ಆ ಮನುಷ್ಯ ಪಟಗಾದ ತುದಿಯಿಂದ ಕಣ್ಣೊತ್ತಿಕೊಂಡ. "ಮಾತ ಕೊಟ್ಟೇನಿ ಯವ್ವಾ. ಇನ್ನ ನಿನ್ನ ಮಾತ ನಿನ್ನ ಕೈಯಾಗ."

ಜೊತೆಯ ತರಬೇತಿಯ ಸೈಫುದ್ದೀನ ಓಡಿ ಬಂದ. "ಅಭಿನಂದನೆ ಸತ್ಯವ್ವ! ಗೊಲ್ಲಾಳಪ್ಪನ ಲೆಕ್ಕಾಚಾರ ಸರಿ ಹೋತು ನೋಡ್ರಿ."

"ಯಾವ ಲೆಕ್ಕಾಚಾರ?"

"ಗೊತ್ತಿಲ್ಲೇನು? ಸಾಹೇಬ್ರ ಕಡೆ ಹೋಗಿ, ತನ್ನ ಪಾಳಿ ನಿಮಗ, ನಿಮ್ಮ ಪಾಳಿ ತನಗ ಮಾಡ್ಸಿಕೊಂಡ. ಅವನ ಕೆಲಸ ಇನ್ನಾ ಅರ್ಧಾ ಆಗಿತ್ರಿ! ನಾ ಬೈದೆ. 'ಅಕಿಗೆ ಒಂದ ವಾರ ಸಿಕ್ಕರ ಸಾಕು, ತಪ್ಪ ತಾನ ಹುಡುಕತಾಳ' ಅಂದ."

ಸತ್ಯವ್ವ ಬಾಗಿಲ ಕಡೆ ತಿರುಗಿದಳು.

"ಈಗ ಎಲ್ಲಿ ಹೋದ್ರು?"

"ಬಸ್ ಸ್ಟ್ಯಾಂಡಿಗೆ. ಬಬಲೇಶ್ವರ ಹೈಸ್ಕೂಲಿನ್ಯಾಗ ವಿಜ್ಞಾನದ ಮಾಸ್ತರಿಕಿ ಸಿಕ್ಕೈತಿ..."

ಉಳಿದದ್ದನ್ನು ಕೇಳಲು ಅವಳು ಅಲ್ಲಿರಲಿಲ್ಲ. ಪರೀಕ್ಷೆಗೆ ಬಳಸದೆ ಉಳಿದಿದ್ದ ಉಡಿಯ ಮಣ್ಣನ್ನು ಚೀಲಕ್ಕೆ ಸುರಿದುಕೊಂಡು ಓಡಿದಳು!

ಬಬಲೇಶ್ವರದ ಬಸ್ಸು ಹೊರಟೇಬಿಟ್ಟಿತ್ತು. "ತಡೀರಿ! ತಡೀರಿ!" ಎನ್ನುತ್ತ ಹತ್ತಿದಳು. ಗೊಲ್ಲಾಳಪ್ಪ ಕಿಟಕಿಯ ಪಕ್ಕ ಕೂತಿದ್ದ. ಬಸ್ಸಿನವರೆಲ್ಲ ಮತ್ತೊಮ್ಮೆ ಅವಳನ್ನು ನೋಡಿದರು. ಈ ಸಲ ಅವಳ ಮುಖ ಕೆಂಪಾದದ್ದು ಸಿಟ್ಟಿನಿಂದಲ್ಲ.

"ನೀವು... ಇಲ್ಲಿ?" ಅವನು ಎದ್ದು ನಿಂತ.

"ಪಾಳಿ ಯಾಕ ಬದಲ ಮಾಡಿದ್ರಿ?"

ಅವನು ತಲೆ ತಗ್ಗಿಸಿದ. "ಸೈಫುದ್ದೀನನ ಬಾಯಾಗ ಮಾತ ನಿಲ್ಲೂದಿಲ್ಲ."

"ನಿಮ್ಮ ನೌಕರಿ ಹೋತಲ್ರಿ!"

"ಪಾಳಿ ಒಂದರಿಂದ ಹೋಗಿಲ್ರಿ. ಇವತ್ತ ನೀವು ಆ ಎರಡ ಬಟ್ಟಲಾ ಇಟ್ಟ ನಿಂತಾಗ... ನನಗ ಎಷ್ಟ ಹೆಮ್ಮಿ ಆತಂತೀರಿ! ನನಗ ಇನ್ನೊಂದ ವಾರ ಸಿಕ್ಕಿದ್ರೂ ಹಂಗ ನಿಲ್ಲಾಕ ಆಗತಿದ್ದಿಲ್ಲ."

"ಮತ್ತ ಒಂದ ಮಾತೂ ಹೇಳದ ಎದ್ದ ಬಂದ್ರಿ?"

"ಹೇಳಿದ್ರ ನೀವು ಮತ್ತ 'ಉಸಾಬರಿ ಯಾಕ' ಅಂತಿದ್ರಿ..."

ಅಳುವೋ ನಗುವೋ ತಿಳಿಯದೆ ಸತ್ಯವ್ವ ಅವನ ಪಕ್ಕದ ಸೀಟಿನಲ್ಲಿ ಕೂತಳು.

"ತಪ್ಪಾತ್ರಿ. ಹೊಲಾ ಪೂರ್ತಿ ಅಡ್ಡಾಡದ, ಒಂದ ಜಾಗದಾಗ ಅಗದು, ಮನಿಷ್ಯಾನ ಹಿಂಗ ಅಂದಬಿಟ್ಟೆ."

"ಈಗ?"

"ಈಗ ಈ ಬದುವಿನಿಂದ ಆ ಬದುವಿನ ತನಕ ನೋಡೇನಿ." ಅವಳ ದನಿ ಸಣ್ಣದಾಯಿತು, ಆದರೆ ನಡುಗಲಿಲ್ಲ. "ನಮ್ಮಪ್ಪ ನನ್ನ ಮದುವಿ ಮಾತ ನನ್ನ ಕೈಯಾಗ ಕೊಟ್ಟಾನ. ನನ್ನ ಮನಸಿನ್ಯಾಗ ನೀವದೀರಿ. ನೌಕರಿ ಬಿಡೂದಿಲ್ಲ ಮತ್ತ!"

"ಬಿಡು ಅಂದವ್ರು ಯಾರ್ರಿ? ನನ್ನ ಸಾಲಿ ಹುಡುಗೂರ್ನೆಲ್ಲಾ ಕರಕೊಂಡ ಬರತೇನಿ, ನಿಮ್ಮ ಪ್ರಯೋಗಾಲಯ ತೋರಸಾಕ. 'ನೋಡ್ರಲೇ, ಇವರ ಬಾಯಾರ' ಅಂತ." ಅವನ ಕಣ್ಣು ತುಂಬಿ ಬಂದಿದ್ದವು. "ಬಸ್ಸಿನ್ಯಾಗ ಉಡಿ ಗಟ್ಟಿ ಹಿಡಕೊಂಡ ಸಿಟ್ಟಾಗಿದ್ರಲ್ಲ, ಅವತ್ತ ಹೋತ್ರಿ ನನ್ನ ಮನಸ."

"ಟಿಕೀಟ್ ಎಲ್ಲಿಗ್ರಿ?" ಕಂಡಕ್ಟರ್ ಬಂದು ನಿಂತ.

"ಬಬಲೇಶ್ವರ," ಎಂದಳು ಸತ್ಯವ್ವ, ಸ್ಪಷ್ಟವಾಗಿ.

ಬಸ್ಸು ಊರು ದಾಟಿತು. ಅವಳು ಮಡಿಲಲ್ಲಿದ್ದ ಚೀಲ ತೋರಿಸಿದಳು.

"ಇದು ಉಡಿ ತುಂಬಿದ ಮಣ್ಣ. ಚೆಲ್ಲೂಹಂಗಿಲ್ಲ. ಎಲ್ಲಿ ಹಾಕಲಿ ಹೇಳ್ರಿ."

ಗೊಲ್ಲಾಳಪ್ಪ ಮೆಲ್ಲಗೆ ಚೀಲದ ಇನ್ನೊಂದು ತುದಿ ಹಿಡಿದುಕೊಂಡ.

"ನಮ್ಮ ಹೊಲದಾಗೂ ಒಂದ ಬನ್ನಿ ಗಿಡ ಐತಿ. ಅದರ ಬುಡಕ್ಕ ಹಾಕ್ರಿ. ಬರೂ ಎಳ್ಳ ಅಮಾಸಿಗೆ ಅಲ್ಲೇ ಇಬ್ಬರೂ ಕೂಡಿ ಪೂಜಿ ಮಾಡೂಣು."

"ಹೂಂ," ಎಂದಳು ಸತ್ಯವ್ವ.

"ಆದ್ರ ಒಂದ ಮಾತ್ರಿ, ಬಾಯಾರ..."

"ಏನು?"

"ಆ ಜಾಗದ ಮಣ್ಣ ಮಾತ್ರ ಪರೀಕ್ಷಾಕ್ಕ ಒಯ್ಯಬ್ಯಾಡ್ರಿ!"